ಹಾಲು, ತುಪ್ಪ, ಪನೀರ್: ಲೇಬಲ್ಲನ್ನು ಓದುವುದು ಹೇಗೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಸಿದ್ದಾಪುರದಿಂದಲೂ ಈ ಸಲ ಬಂದ ಪತ್ರಗಳಲ್ಲಿ ಹಾಲಿನ ಪದಾರ್ಥಗಳದ್ದೇ ಮಾತು. ಉತ್ತರಿಸುವ ಮೊದಲು ಒಂದು ವಿಷಯ ಹೇಳಿಬಿಡುತ್ತೇವೆ. ಪ್ಯಾಕೆಟ್ಟಿನ ಎದುರು ಭಾಗದಲ್ಲಿ ಹಸು, ಹಸಿರು ಗುಡ್ಡ, ಕಡೆಗೋಲಿನ ಚಿತ್ರ ಏನೇ ಇರಲಿ, ತಯಾರಕರನ್ನು ಬಿಗಿಯಾಗಿ ಕಟ್ಟಿಹಾಕುವುದು ಮೂರು ಸಂಗತಿಗಳು: ಆ ಆಹಾರದ ಕಾನೂನುಬದ್ಧ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ. ಕೆಳಗಿನ ಬಹುತೇಕ ಉತ್ತರಗಳು ಈ ಮೂರಕ್ಕೇ ಬಂದು ನಿಲ್ಲುತ್ತವೆ.

ಕಾರವಾರದ ಓದುಗರು: ಒಂದೇ ಫ್ರೀಜರಿನಲ್ಲಿ ಒಂದೇ ಥರದ ಕಪ್ಪುಗಳಿವೆ. ಒಂದರ ಮೇಲೆ ‘ಐಸ್‌ಕ್ರೀಮ್’ ಎಂದಿದೆ, ಇನ್ನೊಂದರ ಮೇಲೆ ಸಣ್ಣಕ್ಷರದಲ್ಲಿ ‘ಫ್ರೋಜನ್ ಡೆಸರ್ಟ್’ ಎಂದಿದೆ. ಅಂಗಡಿಯವರು ಎರಡೂ ಒಂದೇ ಎನ್ನುತ್ತಾರೆ. ನಿಜವೇ?

ನಿಜವಲ್ಲ. ಐಸ್‌ಕ್ರೀಮ್ ಎಂದು ಮಾರಬೇಕಾದರೆ ಅದರಲ್ಲಿ ಕನಿಷ್ಠ ಶೇ. 10ರಷ್ಟು ಹಾಲಿನ ಕೊಬ್ಬು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ‘ಮೀಡಿಯಂ ಫ್ಯಾಟ್’ ಅಥವಾ ‘ಲೋ ಫ್ಯಾಟ್’ ಎಂದು ಹೆಸರಿನಲ್ಲೇ ಹೇಳಬೇಕು. ಫ್ರೋಜನ್ ಡೆಸರ್ಟಿನಲ್ಲಿ ಹಾಲಿನ ಕೊಬ್ಬಿನ ಜಾಗಕ್ಕೆ ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಬಂದಿರುತ್ತದೆ. ಹಾಲಿನ ಪುಡಿ ಅದರಲ್ಲೂ ಇರಬಹುದು. ಹಾಗಾಗಿ ‘ಹಾಲು ಇದೆಯೇ’ ಎಂದು ಕೇಳಿದರೆ ಅಂಗಡಿಯವರು ಹೌದೆಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಕೇಳಬೇಕಾದ್ದು ಕೊಬ್ಬು ಯಾವುದರದ್ದು ಎಂದು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ, ಅಂದರೆ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಪಟ್ಟಿಯ ಆರಂಭದಲ್ಲಿ ನೀರು, ಸಕ್ಕರೆ, ಖಾದ್ಯ ಸಸ್ಯಜನ್ಯ ಎಣ್ಣೆ, ಹಾಲಿನ ಘನಾಂಶ ಎಂದು ಸಾಲಾಗಿ ಬಂದರೆ ಅದು ಫ್ರೋಜನ್ ಡೆಸರ್ಟ್. ಹಾಲು, ಕೆನೆ, ಸಕ್ಕರೆ, ಹಾಲಿನ ಘನಾಂಶ ಎಂದು ಬಂದರೆ ಐಸ್‌ಕ್ರೀಮ್.

ಫ್ರೋಜನ್ ಡೆಸರ್ಟ್ ವಿಷವೇನೂ ಅಲ್ಲ, ತಿನ್ನಲು ಯೋಗ್ಯವಾದ ಆಹಾರವೇ. ಆದರೆ ಕೆನೆಗಿಂತ ಎಣ್ಣೆ ಅಗ್ಗ. ಎಣ್ಣೆಯದನ್ನು ಕೆನೆಯ ದರಕ್ಕೆ ಕೊಟ್ಟರೆ, ಕೊಟ್ಟವರು ಏನೂ ಹೇಳದೆ ಸುಮ್ಮನಿದ್ದರೂ ಅದು ಮೋಸವೇ.

ಇನ್ನೊಂದು ಲೆಕ್ಕ. ಎರಡನ್ನೂ ಮಿಲಿಲೀಟರಿನಲ್ಲಿ ಅಳೆದು ಮಾರುತ್ತಾರೆ, ಗ್ರಾಮಿನಲ್ಲಲ್ಲ. ತಯಾರಿಸುವಾಗ ಮಿಶ್ರಣಕ್ಕೆ ಗಾಳಿ ತುಂಬಿ ಹಿಗ್ಗಿಸುತ್ತಾರೆ. ಗಾಳಿ ಇಲ್ಲದೆ ಹೆಪ್ಪುಗಟ್ಟಿಸಿದರೆ ಕಲ್ಲಿನಂತಾಗುತ್ತದೆ, ಆದ್ದರಿಂದ ಗಾಳಿ ಬೇಕೇ ಬೇಕು. ಎಷ್ಟು ಎಂಬುದಕ್ಕೆ ಮಿತಿ ಇದೆ. ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಬೇಕು. ಆ ಲೆಕ್ಕದಲ್ಲಿ 700 ಮಿ.ಲೀ. ಡಬ್ಬಿಯಲ್ಲಿ ಕನಿಷ್ಠ 367 ಗ್ರಾಂ ಇರಬೇಕು. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ತುಂಬಿದ ಡಬ್ಬಿಯನ್ನು ಒಮ್ಮೆ, ಖಾಲಿ ಡಬ್ಬಿಯನ್ನು ಒಮ್ಮೆ ತೂಗಿ ನೋಡಿ. ಒಂದೇ ಬೆಲೆಯ ಎರಡು ಕಂಪನಿಗಳ ಡಬ್ಬಿಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದು ಅಲ್ಲೇ ಕಾಣುತ್ತದೆ.

ಲೇಬಲ್ ಹೇಳದ ಒಂದು ಸಂಗತಿಯೂ ಇದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗಿ, ಕರಗಿ, ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ಹರಳು ಹರಳಾದ ಮಂಜು ಇರುತ್ತದೆ, ಡಬ್ಬಿಯ ಅಂಚಿನಿಂದ ಒಳಕ್ಕೆ ಕುಗ್ಗಿರುತ್ತದೆ. ಐಸ್‌ಕ್ರೀಮನ್ನು ಮೈನಸ್ 18 ಡಿಗ್ರಿಯಲ್ಲಿ ಇಡಬೇಕು. ಮುಚ್ಚಳದ ಒಳಗೆ ಮಂಜಿನ ಪದರ ಕಂಡರೆ ಆ ಡಬ್ಬಿ ಬೇಡ.

ಕುಮಟಾದ ಓದುಗರು: ‘ಎ2 ಮಲೆನಾಡು ಗಿಡ್ಡ ತುಪ್ಪ’ ಎಂದು ಆನ್‌ಲೈನಿನಲ್ಲಿ ಸಾಮಾನ್ಯ ತುಪ್ಪದ ಮೂರು-ನಾಲ್ಕು ಪಟ್ಟು ಬೆಲೆಗೆ ಮಾರುತ್ತಿದ್ದಾರೆ. ಗಿಡ್ಡ ನಮ್ಮದೇ ತಳಿ, ಅದಕ್ಕೆ ಬೆಲೆ ಬಂದರೆ ಸಂತೋಷವೇ. ಆದರೆ ಒಳಗಿರುವುದು ಅದೇ ಎಂದು ತಿಳಿಯುವುದು ಹೇಗೆ?

ಇಲ್ಲಿ ಎರಡು ಪ್ರಶ್ನೆಗಳಿವೆ. ಎ2 ಎಂಬ ಮಾತಿಗೆ ತುಪ್ಪದಲ್ಲಿ ಅರ್ಥವಿದೆಯೇ ಎಂಬುದು ಒಂದು. ತುಪ್ಪ ಗಿಡ್ಡ ಹಸುವಿನದ್ದೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸ್ಪಷ್ಟ. ಎ1, ಎ2 ಎಂಬುದು ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಎರಡು ಬಗೆ. ಆ ಪ್ರೋಟೀನಿನ ಸರಪಳಿಯ 67ನೇ ಸ್ಥಾನದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ವ್ಯತ್ಯಾಸ ಅಷ್ಟೇ. ತುಪ್ಪ ಎನ್ನಿಸಿಕೊಳ್ಳಲು ಶೇ. 99.5ರಷ್ಟು ಹಾಲಿನ ಕೊಬ್ಬು ಇರಬೇಕು, ತೇವಾಂಶ ಶೇ. 0.5ನ್ನು ಮೀರಬಾರದು. ಪ್ರೋಟೀನೆಲ್ಲ ಮಜ್ಜಿಗೆಯಲ್ಲೂ, ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿಯಲ್ಲೂ ಹೋಗಿರುತ್ತದೆ. ಪ್ರೋಟೀನೇ ಇಲ್ಲದ ಪದಾರ್ಥಕ್ಕೆ ಪ್ರೋಟೀನಿನ ಹೆಸರು ಹಚ್ಚಿ ದುಡ್ಡು ಕೇಳುವುದು ನ್ಯಾಯವಲ್ಲ. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಹಾಲು ಮತ್ತು ಹಾಲಿನ ಉತ್ಪನ್ನಗಳ ಮೇಲಿನ ಎ1, ಎ2 ಹೇಳಿಕೆಗಳನ್ನು ತೆಗೆಯಬೇಕೆಂದು ಸೂಚಿಸಿತ್ತು. ಕೆಲವೇ ದಿನಗಳಲ್ಲಿ, ಇನ್ನಷ್ಟು ಸಮಾಲೋಚನೆ ಬೇಕೆಂದು ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಸೂಚನೆ ಹಿಂದೆ ಹೋದರೂ ವಿಜ್ಞಾನ ಬದಲಾಗಿಲ್ಲ. ದಾರಿತಪ್ಪಿಸುವ ಹೇಳಿಕೆ ಸಲ್ಲದೆಂಬ ಸಾಮಾನ್ಯ ನಿಯಮವೂ ಹಾಗೆಯೇ ಇದೆ. ಹಾಗೆ ನೋಡಿದರೆ ನಮ್ಮ ದೇಸಿ ಹಸುಗಳಲ್ಲಿ ಬಹುಪಾಲು ಎ2 ಬಗೆಯವೇ. ಎಮ್ಮೆ ಹಾಲೂ ಎ2ವೇ, ಅದನ್ನು ಮಾತ್ರ ಯಾರೂ ಲೇಬಲ್ಲಿನಲ್ಲಿ ಬರೆಯುವುದಿಲ್ಲ!

ಎರಡನೆಯ ಪ್ರಶ್ನೆಗೆ ಕೊಟ್ಟಿಗೆಯ ಲೆಕ್ಕ ಹಾಕಿ. ಕರೆಯುವ ಗಿಡ್ಡ ಹಸು ದಿನಕ್ಕೆ 2 ಲೀಟರ್ ಕೊಡುತ್ತದೆ ಎಂದುಕೊಳ್ಳೋಣ, ಅನೇಕ ಕೊಟ್ಟಿಗೆಗಳಲ್ಲಿ ಅಷ್ಟೂ ಬರುವುದಿಲ್ಲ. ಫ್ಯಾಟ್ 4.5 ಎಂದಿಟ್ಟುಕೊಂಡರೆ 2 ಲೀಟರಿನಲ್ಲಿ ಸುಮಾರು 92 ಗ್ರಾಂ ಕೊಬ್ಬು. ಮಜ್ಜಿಗೆಯಲ್ಲಿ ಉಳಿಯುವುದು, ಗಸಿಗೆ ಅಂಟುವುದು ಕಳೆದು ಕೈಗೆ ಸಿಗುವ ತುಪ್ಪ 80 ಗ್ರಾಂ. ತಿಂಗಳಿಗೆ 2.4 ಕಿಲೊ. ಅದೂ ಮನೆಗೆ ಹಾಲು-ಮೊಸರು ಇಟ್ಟುಕೊಳ್ಳದೆ ಅಷ್ಟನ್ನೂ ಬೆಣ್ಣೆ ಮಾಡಿದರೆ! ತಿಂಗಳಿಗೆ 100 ಕಿಲೊ ಮಾರುವವರ ಬಳಿ ಒಂದೇ ಹೊತ್ತಿಗೆ ಕರೆಯುವ ಹಸುಗಳೇ 40ಕ್ಕಿಂತ ಹೆಚ್ಚು ಇರಬೇಕು, ಗಬ್ಬದ ಹಸು, ಬತ್ತಿದ ಹಸು, ಕರುಗಳು ಬೇರೆ. ಮಾರುವವರನ್ನು ನೇರವಾಗಿ ಕೇಳಿ: ಎಷ್ಟು ಹಸು ಕರೆಯುತ್ತಿವೆ, ಸುತ್ತಲಿನ ಮನೆಗಳಿಂದ ತರುವುದಾದರೆ ಯಾವ ಊರುಗಳಿಂದ, ಹಾಲು ತರುತ್ತೀರೋ ಬೆಣ್ಣೆ ತರುತ್ತೀರೋ? ಪ್ರಾಮಾಣಿಕರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಮಳೆಗಾಲದಲ್ಲಿ ಇಷ್ಟು, ಬೇಸಿಗೆಯಲ್ಲಿ ಇಷ್ಟೇ ಎಂದು ತಾವೇ ಹೇಳುತ್ತಾರೆ. ವರ್ಷವಿಡೀ ಬೇಕಾದಷ್ಟು ಸಿಗುತ್ತದೆ ಎನ್ನುವವರ ಬಗ್ಗೆ ಎಚ್ಚರವಿರಲಿ.

ಬೆಲೆ ಹೋಲಿಸುವಾಗ ಅಳತೆಯನ್ನೂ ನೋಡಿ. ತುಪ್ಪ ನೀರಿಗಿಂತ ಹಗುರ. ಒಂದು ಲೀಟರ್ ತುಪ್ಪ ಸುಮಾರು 910 ಗ್ರಾಂ ತೂಗುತ್ತದೆ. 500 ಮಿ.ಲೀ. ಬಾಟಲಿಯಲ್ಲಿ ಸಿಗುವುದು 455 ಗ್ರಾಂ ಮಾತ್ರ. ಅಂಗಡಿಯ ಅರ್ಧ ಕಿಲೊ ತುಪ್ಪಕ್ಕೂ ಆನ್‌ಲೈನಿನ ಅರ್ಧ ಲೀಟರಿಗೂ ಇಷ್ಟು ಅಂತರವಿದೆ.

ಅದೇ ಪತ್ರದಲ್ಲಿ: ಅಂಗೈಯಲ್ಲಿ ತಿಕ್ಕುವುದು, ಫ್ರಿಜ್ಜಿನಲ್ಲಿಟ್ಟು ಪದರ ನೋಡುವುದು, ಇವೆಲ್ಲ ಸರಿಯಾದ ಪರೀಕ್ಷೆಗಳೇ?

ನಂಬಬೇಡಿ. ಕರಾವಳಿಯ ಸೆಕೆಗೆ ಅಪ್ಪಟ ತುಪ್ಪವೂ ಅರ್ಧ ನೀರಾಗಿ, ಕೆಳಗೆ ಕಾಳು ಕಾಳಾಗಿ ನಿಲ್ಲುತ್ತದೆ. ಅದೇ ತುಪ್ಪ ಶಿರಸಿಯ ಚಳಿಗೆ ಪೂರ್ತಿ ಗಟ್ಟಿಯಾಗುತ್ತದೆ. ತುಪ್ಪದ ಕಾಳು ನಿಧಾನ ಆರಿಸಿದರೆ ದೊಡ್ಡದು, ಬೇಗ ಆರಿಸಿದರೆ ಸಣ್ಣದು, ಶುದ್ಧತೆಗೂ ಅದಕ್ಕೂ ಸಂಬಂಧವಿಲ್ಲ. ಹಳದಿ ಬಣ್ಣ ಹಸುವಿನ ಹಾಲಿನ ಕ್ಯಾರೊಟಿನ್‌ನಿಂದ ಬರುತ್ತದೆ, ಹಸಿ ಹುಲ್ಲು ಮೇಯ್ದ ತಿಂಗಳುಗಳಲ್ಲಿ ಗಾಢ, ಒಣಹುಲ್ಲಿನ ಕಾಲದಲ್ಲಿ ತಿಳಿ. ಮನೆಯಲ್ಲಿ ಮಾಡಬಹುದಾದ ಉಪಯುಕ್ತ ಪರೀಕ್ಷೆ ಒಂದೇ. ಅರ್ಧ ಚಮಚ ತುಪ್ಪಕ್ಕೆ ಎರಡು-ಮೂರು ಹನಿ ಟಿಂಕ್ಚರ್ ಅಯೋಡಿನ್ ಹಾಕಿ. ನೀಲಿಯಾದರೆ ಆಲೂಗಡ್ಡೆಯಂಥ ಪಿಷ್ಟ ಬೆರೆತಿದೆ. ನೀಲಿಯಾಗದಿದ್ದರೆ ಪಿಷ್ಟ ಇಲ್ಲ ಎಂದಷ್ಟೇ ಅರ್ಥ, ಎಣ್ಣೆ ಇಲ್ಲವೆಂದಲ್ಲ.

ಎಣ್ಣೆಯನ್ನು ಪ್ರಯೋಗಾಲಯದಲ್ಲೇ ಹಿಡಿಯಬೇಕು. ವನಸ್ಪತಿ, ಅಂದರೆ ತುಪ್ಪದಂತೆ ಗಟ್ಟಿಯಾಗಿಸಿದ ಸಸ್ಯಜನ್ಯ ಎಣ್ಣೆ, ತಯಾರಿಸುವವರು ಅದಕ್ಕೆ ಕನಿಷ್ಠ ಶೇ. 5 ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ಇರುವುದೇ ಇದಕ್ಕಾಗಿ. ಎಳ್ಳೆಣ್ಣೆಯ ಅಂಶ ಬಾಡೊವಿನ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಕೊಡುತ್ತದೆ. ಇದಕ್ಕೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ವಿಡಿಯೊ ನೋಡಿ ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ, ಕಣ್ಣಿಗೆ, ಉಸಿರಿಗೆ ಅಪಾಯ. ಎಳ್ಳೆಣ್ಣೆಯಿಲ್ಲದ ತಾಳೆ ಎಣ್ಣೆ ಬೆರೆಸಿದ್ದರೆ ಈ ಪರೀಕ್ಷೆಗೂ ಸಿಗುವುದಿಲ್ಲ. ಆಗ ರೈಕರ್ಟ್-ಮೈಸಲ್ ಸಂಖ್ಯೆ ನೋಡುತ್ತಾರೆ. ಹಾಲಿನ ಕೊಬ್ಬಿನ ವಿಶೇಷವಾದ ಬ್ಯುಟಿರಿಕ್ ಆಮ್ಲದಂಥವುಗಳ ಪ್ರಮಾಣವನ್ನು ಅದು ತೋರಿಸುತ್ತದೆ, ಬೇರೆ ಎಣ್ಣೆ ಬೆರೆತಷ್ಟೂ ಇಳಿಯುತ್ತದೆ. ಕೊಬ್ಬಿನಾಮ್ಲಗಳ ಪೂರ್ತಿ ವಿವರ ಬೇಕಾದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ. ದುಬಾರಿ ತುಪ್ಪ ಮಾರುವವರನ್ನು, ಆ ಬ್ಯಾಚಿನ ವರದಿ ಕೊಡಿ ಎಂದು ಕೇಳುವುದು ತಪ್ಪೇನಲ್ಲ. ವರದಿಯ ಬ್ಯಾಚ್ ಸಂಖ್ಯೆಯೂ ಬಾಟಲಿಯದ್ದೂ ಒಂದೇ ಆಗಿರಬೇಕು. ಎಂದೋ ಮಾಡಿಸಿದ ವರದಿಯ ಫೋಟೊವನ್ನೇ ವರ್ಷಗಟ್ಟಲೆ ತೋರಿಸುವುದು ಕೆಲಸಕ್ಕೆ ಬಾರದು.

ಶಿರಸಿಯ ಸ್ವಸಹಾಯ ಸಂಘದ ಸದಸ್ಯೆ: ನಾವು ಏಳೆಂಟು ಮನೆಯವರು ಬೆಣ್ಣೆ ಒಟ್ಟುಗೂಡಿಸಿ ತುಪ್ಪ ಕಾಯಿಸಿ ಪೇಟೆಯ ಅಂಗಡಿಗೆ ಕೊಡಬೇಕೆಂದಿದ್ದೇವೆ. ಲೇಬಲ್ಲಿನಲ್ಲಿ ಏನೆಲ್ಲ ಬರೆಯಬೇಕು? ಏನನ್ನು ಬರೆಯಬಾರದು?

ಬಹಳ ಒಳ್ಳೆಯ ಪ್ರಶ್ನೆ. ಕೊಳ್ಳುವವರಷ್ಟೇ ಮಾರುವವರೂ ಇದನ್ನು ಕೇಳಬೇಕು.

ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಸಣ್ಣ ಪ್ರಮಾಣದವರಿಗೆ ಪರವಾನಗಿಯ ಬದಲು ನೋಂದಣಿ ಸಾಕು. ಫೋಸ್ಕೋಸ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಸಿಗುವುದು 14 ಅಂಕಿಯ ಸಂಖ್ಯೆ. ನೋಂದಣಿಯಾದರೆ 2ರಿಂದ, ಪರವಾನಗಿಯಾದರೆ 1ರಿಂದ ಶುರು. ನಂತರದ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಅದರ ನಂತರದ ಎರಡು ವರ್ಷದ್ದು.

ಲೇಬಲ್ಲಿನ ಮೇಲೆ ಇರಬೇಕಾದ್ದು: ‘ತುಪ್ಪ’ ಎಂಬ ಹೆಸರು, ಹಸಿರು ಚುಕ್ಕೆಯ ಸಸ್ಯಾಹಾರಿ ಗುರುತು, ತಯಾರಕರ ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತಿನೊಂದಿಗೆ ಆ ಸಂಖ್ಯೆ, ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ದಿನ, ಯಾವ ದಿನದೊಳಗೆ ಬಳಸಬೇಕೆಂಬುದು, ಪೋಷಕಾಂಶಗಳ ವಿವರ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಮಿಗೆ ಎಷ್ಟು ಬೀಳುತ್ತದೆಂಬ ದರ, ದೂರಿಗೆ ಒಂದು ಫೋನ್ ಸಂಖ್ಯೆ. ಈ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಹಿಂದಿಯಲ್ಲಿ ಇರಲೇಬೇಕೆಂಬುದು ನಿಯಮ. ಕನ್ನಡದಲ್ಲಿ ಅದರ ಜೊತೆಗೆ ಬರೆಯಬಹುದು, ಬರೆಯಲೇಬೇಕು ಎನ್ನುವುದು ನಮ್ಮ ಆಗ್ರಹ. ಬಾಟಲಿ ಹಿಡಿದು ಓದುವವರು ನಮ್ಮೂರಿನವರು.

ಬೆಣ್ಣೆ ಹಸುವಿನದ್ದೂ ಎಮ್ಮೆಯದ್ದೂ ಸೇರಿದ್ದರೆ ‘ಹಸುವಿನ ತುಪ್ಪ’ ಎನ್ನಬೇಡಿ. ಏಳೆಂಟು ಮನೆಯ ಬೆಣ್ಣೆ ಸೇರುವಾಗ ಎಡವುವುದು ಇಲ್ಲಿಯೇ. ಯಾರ ಮನೆಯಿಂದ ಯಾವ ದಿನ ಎಷ್ಟು ಬೆಣ್ಣೆ ಬಂತು, ಹಸುವಿನದ್ದೋ ಎಮ್ಮೆಯದ್ದೋ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ಬ್ಯಾಚ್ ಸಂಖ್ಯೆಯನ್ನು ಆ ಪುಟಕ್ಕೆ ಜೋಡಿಸಿ. ‘ಶುದ್ಧ’ ಎಂಬ ಮಾತು, ಬೇರೇನೂ ಸೇರಿಸದ ಒಂದೇ ಪದಾರ್ಥಕ್ಕೆ ಸಲ್ಲುತ್ತದೆ, ತುಪ್ಪಕ್ಕೆ ಸರಿ. ‘ಸಾವಯವ’ ಎಂದು ಬರೆದು ಅಂಗಡಿಗೆ ಕೊಡಲು ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ (ರೈತರ ಗುಂಪುಗಳೇ ಪರಸ್ಪರ ಖಾತ್ರಿ ಕೊಡುವ ಪದ್ಧತಿ) ಪ್ರಮಾಣಪತ್ರ ಬೇಕು, ಗೊಬ್ಬರ ಹಾಕದ ಬೆಟ್ಟದಲ್ಲಿ ಮೇಯ್ದದ್ದು ಎಂಬ ಕಾರಣ ಸಾಲದು. ಸಂಧಿವಾತಕ್ಕೆ, ಸಕ್ಕರೆ ಕಾಯಿಲೆಗೆ, ನೆನಪಿನ ಶಕ್ತಿಗೆ ಎಂದೆಲ್ಲ ಬರೆಯಲೇಬೇಡಿ. ರೋಗ ವಾಸಿ ಮಾಡುತ್ತದೆಂದು ಆಹಾರದ ಮೇಲೆ ಹೇಳುವಂತಿಲ್ಲ. ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದವರನ್ನೂ ಕಂಡಿದ್ದೇವೆ. ಹಾಲಿನ ಕೊಬ್ಬಿನಲ್ಲಿ ಕೊಲೆಸ್ಟ್ರಾಲ್ ಇದ್ದೇ ಇರುತ್ತದೆ.

ತೂಕದ ವಿಷಯ. ಬಿಸಿ ತುಪ್ಪವನ್ನು ಗೆರೆ ನೋಡಿ ತುಂಬಬೇಡಿ. 70 ಡಿಗ್ರಿಯಲ್ಲಿ 500 ಮಿ.ಲೀ. ಗೆರೆಗೆ ತುಂಬಿದ್ದು 30 ಡಿಗ್ರಿಗೆ ಆರಿದಾಗ ಸುಮಾರು 15 ಮಿ.ಲೀ. ಇಳಿದಿರುತ್ತದೆ, ಗಿರಾಕಿ ಕಡಿಮೆ ಕೊಟ್ಟಿರೆಂದು ತಿಳಿಯುತ್ತಾರೆ. ಖಾಲಿ ಬಾಟಲಿಯ ತೂಕ ಕಳೆದು ಗ್ರಾಮಿನಲ್ಲಿ ತುಂಬಿ, ಗ್ರಾಮಿನಲ್ಲೇ ಬರೆಯಿರಿ.

ಬಾಳಿಕೆಯ ದಿನವನ್ನು ಬೇರೆಯವರ ಬಾಟಲಿ ನೋಡಿ ನಕಲು ಮಾಡಬೇಡಿ. ತುಪ್ಪ ಕೆಡುವುದು ಮುಖ್ಯವಾಗಿ ಉಳಿದ ತೇವದಿಂದ. ಚಟಪಟ ಸದ್ದು ನಿಂತು, ಎರಡನೇ ಸಲ ಸಣ್ಣ ನೊರೆ ಎದ್ದು, ತಳದ ಗಸಿ ಕಂದುಬಣ್ಣಕ್ಕೆ ತಿರುಗುವವರೆಗೆ ಕಾಯಿಸಬೇಕು, ಥರ್ಮಾಮೀಟರಿನಲ್ಲಿ 110ರಿಂದ 120 ಡಿಗ್ರಿ. ಮೊದಲೇ ಇಳಿಸಿದರೆ ತೇವ ಉಳಿದು ಕೆಲವೇ ವಾರಗಳಲ್ಲಿ ಹುಳಿ ವಾಸನೆ ಬರುತ್ತದೆ. ಹೆಚ್ಚು ಕಾಯಿಸಿದರೆ ಸೀದ ವಾಸನೆ. ಬಾಟಲಿ ತೊಳೆದು ಬಿಸಿಲಿಗಿಟ್ಟರೆ ಮಳೆಗಾಲದಲ್ಲಿ ಒಣಗುವುದಿಲ್ಲ, ಒಲೆಯ ಬಿಸಿಯಲ್ಲೋ ಓವನ್ನಿನಲ್ಲೋ ಒಣಗಿಸಿ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಕಾಯಿಸಬೇಡಿ, ಲೋಹದ ಅಂಶ ತುಪ್ಪವನ್ನು ಬೇಗ ಕಮಟು ಮಾಡುತ್ತದೆ. ಪ್ರತಿ ಬ್ಯಾಚಿನ ಒಂದು ಬಾಟಲಿಯನ್ನು ತೆಗೆದಿಟ್ಟು ತಿಂಗಳಿಗೊಮ್ಮೆ ಮೂಸಿ, ರುಚಿ ನೋಡಿ ಬರೆದುಕೊಳ್ಳಿ. ಅದು ಕೆಡುವುದಕ್ಕಿಂತ ಸಾಕಷ್ಟು ಮೊದಲಿನ ದಿನವನ್ನೇ ಲೇಬಲ್ಲಿಗೆ ಹಾಕಿ.

ಹೊನ್ನಾವರದ ಓದುಗರು: ಟೋನ್ಡ್ ಹಾಲು ಎಂದರೆ ನೀರು ಬೆರೆಸಿದ ಹಾಲೇ? ಪ್ಯಾಕೆಟ್ ಹಾಲಿನ ಮೊಸರು ತೆಳ್ಳಗಾಗುತ್ತದೆ.

ಕಲಬೆರಕೆ ಅಲ್ಲ, ಕಾನೂನು ಒಪ್ಪಿದ ಒಂದು ಬಗೆ. 1940ರ ದಶಕದಲ್ಲಿ ಮುಂಬಯಿಯಲ್ಲಿ ದಾರಾ ಖುರೋಡಿ ಅವರು ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಸೇರಿಸಿ, ಹೆಚ್ಚು ಜನಕ್ಕೆ ಕಡಿಮೆ ಬೆಲೆಗೆ ಸಿಗುವಂತೆ ಇದನ್ನು ರೂಪಿಸಿದರು. ಈಗಿನ ಅಳತೆಗಳು ಹೀಗಿವೆ: ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 1.5, ಜಿಡ್ಡೇತರ ಘನಾಂಶ (ಪ್ರೋಟೀನ್, ಲ್ಯಾಕ್ಟೋಸ್, ಖನಿಜಗಳು) ಶೇ. 9, ಟೋನ್ಡ್ ಹಾಲಿನಲ್ಲಿ 3 ಮತ್ತು 8.5, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5 ಮತ್ತು 8.5, ಫುಲ್ ಕ್ರೀಮ್ ಹಾಲಿನಲ್ಲಿ 6 ಮತ್ತು 9. ಪ್ಯಾಕೆಟ್ಟಿನ ಬಣ್ಣ ನೋಡಿ ತೆಗೆದುಕೊಳ್ಳುವ ಬದಲು ಈ ಅಂಕಿ ನೋಡಿ. ಮೊಸರಿಗೂ ಪಾಯಸಕ್ಕೂ 4.5 ಅಥವಾ 6ರದ್ದು, ಚಹಾಕ್ಕೆ 3ರದ್ದು ಸಾಕು. ಟೋನ್ಡ್ ಹಾಲಿನಲ್ಲೇ ಗಟ್ಟಿ ಮೊಸರು ಬೇಕಿದ್ದರೆ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಇಟ್ಟು, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ.

ಪ್ರಮಾಣವನ್ನೂ ಗಮನಿಸುತ್ತಿರಿ. 2024ರ ಜೂನಿನಲ್ಲಿ ನಂದಿನಿ ಹಾಲಿನ ಪ್ಯಾಕೆಟ್ 50 ಮಿ.ಲೀ. ಹೆಚ್ಚಾಗಿ, ಬೆಲೆ 2 ರೂಪಾಯಿ ಏರಿತ್ತು. 2025ರ ಏಪ್ರಿಲಿನಲ್ಲಿ ಮತ್ತೆ ಅರ್ಧ ಲೀಟರ್, ಒಂದು ಲೀಟರಿಗೆ ಬಂತು, ಬೆಲೆಯೂ ಏರಿತು. ಎರಡನ್ನೂ ಮೊದಲೇ ಪ್ರಕಟಿಸಿದ್ದರು. ಹಾಗೆ ಪ್ರಕಟಿಸದೆ ಬಿಸ್ಕತ್ತು, ಬೆಣ್ಣೆಯ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಕಿರಿದು ಮಾಡುವ ಪದ್ಧತಿಯೂ ಮಾರುಕಟ್ಟೆಯಲ್ಲಿದೆ.

ಅಂಕೋಲಾದ ಓದುಗರು: ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಪನೀರ್ ರಬ್ಬರಿನಂತಿರುತ್ತದೆ. ನಕಲಿ ಪನೀರ್ ಎಂದರೆ ಏನು?

ಪನೀರ್ ಎಂದರೆ ಹಾಲನ್ನು ಆಮ್ಲದಿಂದ ಒಡೆದು, ನೀರು ಬಸಿದು ಒತ್ತಿದ್ದು. ಅದರ ಒಣ ಅಂಶದಲ್ಲಿ ಕನಿಷ್ಠ ಶೇ. 50 ಹಾಲಿನ ಕೊಬ್ಬು ಇರಬೇಕು, ತೇವಾಂಶ ಶೇ. 60ನ್ನು ಮೀರಬಾರದು. ಕಡಿಮೆ ಕೊಬ್ಬಿನ ಪನೀರಿಗೆ ಬೇರೆ ಅಳತೆಯಿದೆ, ಅದನ್ನು ಹೆಸರಿನಲ್ಲೇ ಹೇಳಬೇಕು. ನೀವು ಹೇಳುವುದು ‘ಅನಲಾಗ್’ ಆಗಿರಬಹುದು. ಕೆನೆ ತೆಗೆದ ಹಾಲಿನ ಪುಡಿಗೆ ತಾಳೆ ಎಣ್ಣೆ, ಕೆಲವೊಮ್ಮೆ ಪಿಷ್ಟ ಸೇರಿಸಿ ಮಾಡಿದ್ದು. ಮಾಡುವುದು, ಮಾರುವುದು ಅಪರಾಧವಲ್ಲ. ಅದನ್ನು ಪನೀರ್ ಎಂದು ಕರೆಯುವುದು ಅಪರಾಧ.

ರಬ್ಬರಿನಂತಿದೆ ಎಂಬುದೊಂದೇ ಸಾಕ್ಷಿಯಾಗದು. ಅಪ್ಪಟ ಪನೀರೂ ಕೆನೆ ಕಡಿಮೆಯ ಹಾಲಿನದ್ದಾದರೆ, ಹುಳಿ ಹೆಚ್ಚಾಗಿ ಒಡೆದಿದ್ದರೆ, ಗ್ರೇವಿಯಲ್ಲಿ ಬಹಳ ಹೊತ್ತು ಕುದ್ದರೆ ಗಟ್ಟಿಯಾಗುತ್ತದೆ. ಅಂಗಡಿಯಿಂದ ತಂದದ್ದನ್ನು ನೀರಿನಲ್ಲಿ ಕುದಿಸಿ, ಆರಿಸಿ ಅಯೋಡಿನ್ ಹಾಕಿದಾಗ ನೀಲಿಯಾದರೆ ಪಿಷ್ಟವಿದೆ. ಬಾಣಲೆಗೆ ಹಾಕಿದ ಮಸಾಲೆ ಪನೀರಿಗೆ ಈ ಪರೀಕ್ಷೆ ಬೇಡ, ಹೋಟೆಲಿನವರು ಕಾರ್ನ್‌ಫ್ಲೋರ್ ಸವರಿಯೇ ಹುರಿಯುತ್ತಾರೆ. ಹೋಟೆಲಿನಲ್ಲಿ ನಿಮ್ಮ ಕೈಲಿರುವ ಉಪಾಯವೆಂದರೆ ಪನೀರಿನ ಪ್ಯಾಕೆಟ್ ತೋರಿಸಿ ಎನ್ನುವುದು. ಲೇಬಲ್ಲಿಲ್ಲದ ಪ್ಲಾಸ್ಟಿಕ್ ಚೀಲದ ಬಿಡಿ ಪನೀರು ಯಾರು ಮಾಡಿದ್ದು, ಎಂದು ಮಾಡಿದ್ದು ಎಂಬುದು ಹೋಟೆಲಿನವರಿಗೂ ಗೊತ್ತಿರುವುದಿಲ್ಲ.

ಯಲ್ಲಾಪುರದ ಓದುಗರು: ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡದ ಡಬ್ಬಿ ಹಾಲಿನ ಮೇಲೆ ‘ಸಂರಕ್ಷಕ ಇಲ್ಲ’ ಎಂದಿದೆ. ನಂಬುವುದು ಹೇಗೆ?

ನಂಬಬಹುದು. ಹಾಲನ್ನು 135 ಡಿಗ್ರಿಗಿಂತ ಹೆಚ್ಚು ಬಿಸಿಗೆ ಕೆಲವೇ ಸೆಕೆಂಡು ಒಯ್ದು, ಆರಿಸಿ, ಸೂಕ್ಷ್ಮಾಣುಮುಕ್ತ ಡಬ್ಬಿಗೆ ಗಾಳಿ ಸೋಕದಂತೆ ತುಂಬಿರುತ್ತಾರೆ. ಡಬ್ಬಿ ತೆರೆದ ಮೇಲೆ ಅದೂ ಮಾಮೂಲಿ ಹಾಲೇ, ಫ್ರಿಜ್ಜಿನಲ್ಲಿಟ್ಟು ಎರಡು-ಮೂರು ದಿನದಲ್ಲಿ ಮುಗಿಸಿ. ಉಬ್ಬಿದ ಡಬ್ಬಿ ಬೇಡ. ನಮ್ಮ ತಕರಾರು ಬೇರೆ: ಮಾರುವ ಯಾವ ಹಾಲಿಗೂ ಸಂರಕ್ಷಕ ಹಾಕುವಂತಿಲ್ಲ. ಎಲ್ಲದಕ್ಕೂ ಅನ್ವಯಿಸುವುದನ್ನು ತನ್ನೊಬ್ಬನ ಗುಣವೆಂಬಂತೆ ಬರೆದುಕೊಂಡರೆ ಉಳಿದ ಹಾಲಿನ ಮೇಲೆ ಅನುಮಾನ ಹುಟ್ಟುತ್ತದೆ.

ಶಿರಸಿಯ ತಾಯಿಯೊಬ್ಬರು: ಮಗ ಶಾಲೆಗೆ ಬಾದಾಮಿ ಹಾಲಿನ ಬಾಟಲಿ ಒಯ್ಯುತ್ತಾನೆ. ಹಾಲೇ ತಾನೇ ಎಂದು ಸುಮ್ಮನಿದ್ದೇನೆ.

ಹಿಂಬದಿಯಲ್ಲಿ ‘ಒಟ್ಟು ಸಕ್ಕರೆ’, ‘ಸೇರಿಸಿದ ಸಕ್ಕರೆ’ ಎಂದು ಎರಡು ಸಾಲು ಇರುತ್ತವೆ, ಎರಡನೆಯದನ್ನು ನೋಡಿ. ಅದು ಕಾಣದಿದ್ದರೆ ನೀವೇ ಲೆಕ್ಕ ಹಾಕಿ. ಹಾಲಿನಲ್ಲಿ ತಾನಾಗಿಯೇ 100 ಮಿ.ಲೀ.ಗೆ 4.5ರಿಂದ 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಲೇಬಲ್ 100 ಮಿ.ಲೀ.ಗೆ ಒಟ್ಟು ಸಕ್ಕರೆ 12 ಗ್ರಾಂ ಎಂದರೆ ಹೊರಗಿನಿಂದ ಹಾಕಿದ್ದು 7 ಗ್ರಾಮಿಗೆ ಕಡಿಮೆಯಿಲ್ಲ, 200 ಮಿ.ಲೀ. ಬಾಟಲಿಯಲ್ಲಿ 14 ಗ್ರಾಂ. ಹೆಚ್ಚುಕಡಿಮೆ ಮೂರು ಚಹಾ ಚಮಚ. ಪಟ್ಟಿಯಲ್ಲಿ ಬಾದಾಮಿ ಶೇಕಡಾ ಎಷ್ಟು ಎಂಬುದನ್ನೂ ಓದಿ, ಬಾದಾಮಿಯ ಬದಲು ಸುವಾಸನೆ ಮಾತ್ರ ಇರುವುದುಂಟು. ಹಾಲು, ಮಾಲ್ಟ್ ಆಧರಿಸಿದ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಹಾಕಬಾರದೆಂದು 2024ರಲ್ಲೇ ಆನ್‌ಲೈನ್ ಮಾರಾಟಗಾರರಿಗೆ ಎಫ್‌ಎಸ್‌ಎಸ್‌ಎಐ ಹೇಳಿದೆ.

ಭಟ್ಕಳದ ಓದುಗರು: ಬಿಡಿಯಾಗಿ ಮಾರುವ ಪೇಡೆ, ಬರ್ಫಿಗೆ ಲೇಬಲ್ಲೇ ಇಲ್ಲವಲ್ಲ?

2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿಯ ತಟ್ಟೆಯ ಮುಂದೆ, ಯಾವ ದಿನದೊಳಗೆ ತಿನ್ನಬೇಕೆಂಬ ಚೀಟಿ ಇರಬೇಕು. ರಸಗುಲ್ಲಾ, ರಸಮಲೈಗೆ ಎರಡು ದಿನ, ಖೋವಾದ ಪೇಡೆ-ಬರ್ಫಿಗೆ ನಾಲ್ಕು ದಿನ ಎಂಬುದು ಪ್ರಾಧಿಕಾರ ಕೊಟ್ಟ ಅಂದಾಜು. ಕರಾವಳಿಯ ತೇವಕ್ಕೆ ಫ್ರಿಜ್ಜಿನ ಹೊರಗೆ ಅದಕ್ಕಿಂತ ಕಡಿಮೆಯೆಂದೇ ಹಿಡಿಯಿರಿ. ಚೌತಿ, ದೀಪಾವಳಿಯ ಹೊತ್ತಿಗೆ ಚೀಟಿ ಮಾಯವಾಗುತ್ತದೆ, ಆಗಲೇ ಕೇಳಬೇಕು.

ಗೋಕರ್ಣದ ಓದುಗರು: ‘ಪೂಜಾ ತುಪ್ಪ’ವನ್ನು ಪ್ರಸಾದಕ್ಕೆ ಬಳಸಬಹುದೇ?

ಬೇಡ. ‘ದೀಪಕ್ಕೆ ಮಾತ್ರ’ ಎಂದು ಮಾರುವುದು ಆಹಾರವಲ್ಲ. ಅದರ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವುದಿಲ್ಲ, ಒಳಗೆ ಏನಿದೆ ಎಂದು ಹೇಳುವ ಹೊಣೆಯೂ ಅವರಿಗಿಲ್ಲ. ನೈವೇದ್ಯ ಜನರ ಹೊಟ್ಟೆಗೆ ಹೋಗುತ್ತದೆ. ಹೋಮಕ್ಕೆ ತಂದ ಡಬ್ಬಿಯನ್ನು ಅಡುಗೆಶಾಲೆಯಲ್ಲಿ ಇಡಲೇಬೇಡಿ.

ಸಿದ್ದಾಪುರದ ಓದುಗರು: ಲೇಬಲ್ ಸುಳ್ಳೆಂದು ಅನುಮಾನ ಬಂದರೆ ಯಾರಿಗೆ ಹೇಳಬೇಕು?

ತಾಲ್ಲೂಕಿನ ಆಹಾರ ಸುರಕ್ಷತಾಧಿಕಾರಿಗೆ, ಇಲ್ಲವೇ ಜಿಲ್ಲೆಯ ಅಂಕಿತಾಧಿಕಾರಿಗೆ ಬರಹದಲ್ಲಿ ದೂರು ಕೊಡಿ. ಎಫ್‌ಎಸ್‌ಎಸ್‌ಎಐ ಉಚಿತ ಸಂಖ್ಯೆ 1800-112-100, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಲೇಬಲ್ ತಪ್ಪಾಗಿದ್ದರೆ 3 ಲಕ್ಷದವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ.

ದೂರು ಬಿದ್ದುಹೋಗುವುದು ಬಹುತೇಕ ಸಾಕ್ಷಿಯ ಕೊರತೆಯಿಂದ. ಅರ್ಧ ಬಳಸಿದ ಡಬ್ಬಿ ಒಯ್ದರೆ ನೀವೇ ಏನೋ ಬೆರೆಸಿರಬಹುದೆಂಬ ವಾದ ಬರುತ್ತದೆ. ಬಿಲ್ ಇಟ್ಟುಕೊಳ್ಳಿ, ಅದೇ ಬ್ಯಾಚಿನ ಒಡೆಯದ ಇನ್ನೊಂದು ಪ್ಯಾಕೆಟ್ ತೆಗೆದಿಡಿ, ಲೇಬಲ್ಲಿನ ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಓದುವಂತಿರಲಿ. ಅಧಿಕಾರಿ ತಾವೇ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ವಿಶ್ಲೇಷಕರಿಗೆ ಹೋಗುತ್ತದೆ, ಉಳಿದವು ಮೇಲ್ಮನವಿಗೆ ಅಥವಾ ಇನ್ನೊಂದು ಪರೀಕ್ಷೆಗೆ ಬೇಕಾಗುತ್ತವೆ.

ನೀವೇ ಪರೀಕ್ಷೆ ಮಾಡಿಸಬೇಕಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಆ ಹಕ್ಕು ಕೊಡುತ್ತದೆ. ಒಂದು ಷರತ್ತಿದೆ: ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಗೆ ಕೊಡಬೇಕು. ವರದಿಯಲ್ಲಿ ಕಾಯ್ದೆಯ ಉಲ್ಲಂಘನೆ ಕಂಡುಬಂದರೆ ನೀವು ಕಟ್ಟಿದ ಶುಲ್ಕ ನಿಮಗೆ ವಾಪಸು ಸಿಗುತ್ತದೆ.